ತಂತಿ ತಲುಪಿದರೆ ಸಾಲದು: ಲಿನಕ್ಸ್ ಮತ್ತು ಅರ್ಧ ಮೋಡೆಮ್‌ನ ಕಥೆ

ಸಂಪರ್ಕದ ದಾರಿ ಎಲ್ಲಿ ಹಾದುಹೋಗುತ್ತದೆ ಎಂಬುದು ಊರುಗಳ ಏಳುಬೀಳನ್ನು ನಿರ್ಧರಿಸುತ್ತದೆ. ಪಾಲಾರ್ ನದಿಯ ದಂಡೆಯ ಬೇತಮಂಗಲ ಇದಕ್ಕೊಂದು ಉದಾಹರಣೆ. ಹಿಂದೆ ವಿಜಯಾದಿತ್ಯಮಂಗಲ ಎಂದು ಕರೆಸಿಕೊಂಡಿದ್ದ ಈ ಊರು ಒಂದು ಕಾಲಕ್ಕೆ ತಾಲ್ಲೂಕಿನ ಕೇಂದ್ರವಾಗಿತ್ತು. 1864ರಲ್ಲಿ ಬೆಂಗಳೂರು-ಜೋಲಾರಪೇಟೆ ರೈಲು ಮಾರ್ಗ ತೆರೆದುಕೊಂಡಿತು. ಆಗ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆ, ರೈಲು ನಿಲ್ದಾಣದ ಆಸರೆಯಲ್ಲಿ ಬೆಳೆಯಿತು. ಕಚೇರಿ, ವ್ಯಾಪಾರ ಎರಡೂ ಬೇತಮಂಗಲ ಬಿಟ್ಟು ಅತ್ತ ಸರಿದವು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಕೋಲಾರ ಚಿನ್ನದ ಗಣಿಗೆ ಕವಲು ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿಯ ಮೇಲೆ ವಿದ್ಯುತ್ತು ಬಂತು. ಬೇತಮಂಗಲದ ನೀರು ಕೂಡ ಕೊಳವೆಯಲ್ಲಿ ಗಣಿಯ ಕಡೆಗೇ ಹರಿಯಿತು.

ಇಪ್ಪತ್ತನೆಯ ಶತಮಾನದ ಕೊನೆಗೆ ಇಂಥ ಊರುಗಳಿಗೆ ಇನ್ನೊಂದು ದಾರಿ ತೆರೆಯಿತು. ಅದು ದೂರವಾಣಿಯ ತಂತಿಯ ಮೇಲೆ ಗಣಕಗಳು ಮಾತನಾಡುವ ದಾರಿ, ಅಂತರಜಾಲ. ತಂತಿ ಮನೆಗೆ ಬಂದರೆ ಕೆಲಸ ಮುಗಿಯಿತು ಎಂದೇ ಬಹಳ ಮಂದಿ ಭಾವಿಸಿದ್ದರು. ಆದರೆ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಹಾಕಿಕೊಂಡು ಮೋಡೆಮ್ ಓಡಿಸಲು ಹೊರಟವರಿಗೆ ಬೇರೆಯದೇ ಪಾಠ ಕಾದಿತ್ತು. ತಂತಿಯ ಜೊತೆಗೆ ಯಂತ್ರದ ಗುಟ್ಟೂ ಬಳಕೆದಾರನ ಕೈಗೆ ಬರಬೇಕು ಎಂಬುದೇ ಆ ಪಾಠ.

ಕೀರಲು ದನಿಯ ಅರ್ಥ

ದೂರವಾಣಿಯ ತಂತಿಯನ್ನು ಎಳೆದದ್ದು ಮನುಷ್ಯರ ಮಾತಿಗಾಗಿ. ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸ್ವರಗಳನ್ನು ಮಾತ್ರ ಅದು ಸಾಗಿಸುತ್ತದೆ. ಮಾತು ಅರ್ಥವಾಗಲು ಅಷ್ಟು ಸಾಕು. ಗಣಕದ ಭಾಷೆಯಾದರೋ ಸೊನ್ನೆ ಮತ್ತು ಒಂದು. ಈ ಅಂಕಿಗಳನ್ನು ಸ್ವರಗಳಾಗಿ ಮಾರ್ಪಡಿಸಿ ತಂತಿಗೆ ಬಿಡುವ, ಆ ತುದಿಯಿಂದ ಬಂದ ಸ್ವರಗಳನ್ನು ಮತ್ತೆ ಅಂಕಿಗಳಾಗಿಸುವ ದುಭಾಷಿಯೇ ಮೋಡೆಮ್. ಸಂಪರ್ಕದ ಆರಂಭದಲ್ಲಿ ಕೇಳಿಬರುತ್ತಿದ್ದ ಆ ಕೀರಲು ದನಿ ಎರಡು ಮೋಡೆಮ್‌ಗಳು ಪರಸ್ಪರ ಪರಿಚಯ ಮಾಡಿಕೊಳ್ಳುವ ಸದ್ದು. ನಿನ್ನ ವೇಗವೆಷ್ಟು, ನಡುವಿನ ತಂತಿ ಎಷ್ಟು ಚೆನ್ನಾಗಿದೆ, ಪ್ರತಿಧ್ವನಿ ಎಷ್ಟಿದೆ ಎಂದು ಅವು ಅಳೆದು ನೋಡುತ್ತಿದ್ದವು.

1962ರಲ್ಲಿ ಅಮೆರಿಕದ ಬೆಲ್ ಸಂಸ್ಥೆಯ ಮೋಡೆಮ್ ಸೆಕೆಂಡಿಗೆ 300 ಬಿಟ್ ಸಾಗಿಸುತ್ತಿತ್ತು. 1981ರಲ್ಲಿ ಹೇಯ್ಸ್ ಕಂಪನಿ ಗಣಕದಿಂದಲೇ ಆಜ್ಞೆ ಕೊಡಬಲ್ಲ ಮೋಡೆಮ್ ತಂದಿತು. ಎ, ಟಿ ಎಂಬ ಎರಡು ಅಕ್ಷರಗಳಿಂದ ಶುರುವಾಗುವ ಅದರ ಆಜ್ಞೆಗಳನ್ನು ಉಳಿದ ತಯಾರಕರೂ ಅನುಸರಿಸಿದರು. 1998ರ ಹೊತ್ತಿಗೆ ವೇಗ ಸೆಕೆಂಡಿಗೆ 56 ಕಿಲೋಬಿಟ್‌ಗೆ ಏರಿತು. ಆದರೆ ಇದು ಕಾಗದದ ಮೇಲಿನ ಲೆಕ್ಕ. ಈ ವೇಗ ಸಿಗಬೇಕಾದರೆ ವಿನಿಮಯ ಕೇಂದ್ರ ಡಿಜಿಟಲ್ ಆಗಿರಬೇಕು, ಅಲ್ಲಿಂದ ಮನೆಯವರೆಗಿನ ತಾಮ್ರದ ತಂತಿ ಚಿಕ್ಕದಾಗಿ ಚೊಕ್ಕಟವಾಗಿರಬೇಕು. ಊರಾಚೆಯ ಮನೆಗೆ ಹೋಗುವ ಉದ್ದನೆಯ ತಂತಿಯಲ್ಲಿ, ಮಳೆಗೆ ತೊಯ್ದ ಗಂಟುಗಳ ನಡುವೆ, ವೇಗ ಅರ್ಧಕ್ಕೂ ಕೆಳಗಿಳಿಯುವುದು ಸಾಮಾನ್ಯವಾಗಿತ್ತು.

ಕಿತ್ತೂರಿನಿಂದ ಬಂದ ದಾರಿ

ಹಳ್ಳಿಗೆ ಡಿಜಿಟಲ್ ವಿನಿಮಯ ಕೇಂದ್ರ ಬಂದದ್ದರಲ್ಲಿ ಕರ್ನಾಟಕಕ್ಕೆ ವಿಶೇಷ ಸ್ಥಾನವಿದೆ. ಸ್ಯಾಮ್ ಪಿತ್ರೋಡಾ ಅವರ ಪ್ರೇರಣೆಯಿಂದ 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಗ್ರಾಮಗಳಿಗೆಂದೇ 128 ತಂತಿಗಳ ಪುಟ್ಟ ವಿನಿಮಯ ಕೇಂದ್ರವನ್ನು ರೂಪಿಸಿತು. ಹವಾನಿಯಂತ್ರಣದ ಹಂಗಿಲ್ಲದೆ, ನಮ್ಮ ಧೂಳು ಬಿಸಿಲುಗಳಲ್ಲೇ ದುಡಿಯುವಂತೆ ಅದನ್ನು ಕಟ್ಟಲಾಗಿತ್ತು. 1986ರಲ್ಲಿ ಅದರ ಮೊದಲ ಸ್ಥಾಪನೆ ನಡೆದದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಸಿ-ಡಾಟ್ ತನ್ನ ವಿನ್ಯಾಸವನ್ನು ಮುಚ್ಚಿಟ್ಟುಕೊಳ್ಳದೆ ಹಲವು ತಯಾರಕರಿಗೆ ಪರವಾನಗಿಯ ಮೇಲೆ ಕೊಟ್ಟಿತು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಈ ಮಾತಿಗೆ ಮುಂದೆ ಮಹತ್ವ ಬರಲಿದೆ.

ಅಂತರಜಾಲ ಸಾರ್ವಜನಿಕರಿಗೆ ದೊರೆತದ್ದು ಅನಂತರ. 1986ರಲ್ಲಿ ಆರಂಭವಾದ ಅರ್ನೆಟ್ ಜಾಲ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕೆಲವೇ ವಿದ್ಯಾಕೇಂದ್ರಗಳಿಗೆ ಸೀಮಿತವಾಗಿತ್ತು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ನಾಲ್ಕು ಮಹಾನಗರಗಳಲ್ಲಿ ಸೇವೆ ತೆರೆಯಿತು. ಬೆಂಗಳೂರಿಗೂ ಬೇಗನೆ ಅದು ಬಂತು. ವರ್ಷಕ್ಕೆ 250 ಗಂಟೆಗಳ ಬಳಕೆಗೆ ವ್ಯಕ್ತಿಗಳಿಗೆ 5,000 ರೂಪಾಯಿ, ವಾಣಿಜ್ಯ ಸಂಸ್ಥೆಗಳಿಗೆ 25,000 ರೂಪಾಯಿ. ವಿದ್ಯಾರ್ಥಿಗಳಿಗೆ ಚಿತ್ರಗಳಿಲ್ಲದ, ಬರೀ ಅಕ್ಷರಗಳ ಅಗ್ಗದ ಖಾತೆಯಿತ್ತು.

ಬೇತಮಂಗಲದಂಥ ಊರಿನಿಂದ ಬೆಂಗಳೂರಿನ ಆ ಸಂಖ್ಯೆಗೆ ಕರೆ ಮಾಡಿದರೆ ಅದು ಎಸ್‌ಟಿಡಿ. ಖಾತೆಯ ಹಣವಲ್ಲದೆ ದೂರಕ್ಕೆ ತಕ್ಕಂತೆ ದೂರವಾಣಿಯ ಮೀಟರೂ ಓಡುತ್ತಿತ್ತು. ರಾತ್ರಿ ಹನ್ನೊಂದರ ಮೇಲೆ ಕಾಲುಭಾಗ ದರವೆಂದು ಎದ್ದು ಕೂರುವವರಿದ್ದರು. ಸ್ಥಳೀಯ ಕರೆಯ ದರದಲ್ಲಿ ಅಂತರಜಾಲ ಮುಟ್ಟುವ ಸೌಲಭ್ಯ, ಸಂಚಾರ್‌ನೆಟ್‌ನಂಥ ಸೇವೆಗಳು ಬಂದ ಮೇಲೆಯೇ ಸಣ್ಣ ಊರುಗಳಿಗೆ ಈ ದಾರಿ ನಿಜವಾಗಿ ತೆರೆದದ್ದು.

ಮೋಡೆಮ್‌ನಿಂದಲೇ ಹುಟ್ಟಿದ ಲಿನಕ್ಸ್

ಗಣಕವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ವಿಂಡೋಸ್ ಅಂಥದೊಂದು, ಲಿನಕ್ಸ್ ಇನ್ನೊಂದು. ವಿಂಡೋಸ್‌ನ ಒಳಗೆ ಏನಿದೆ ಎಂದು ಅದರ ಒಡೆಯರಿಗೆ ಮಾತ್ರ ಗೊತ್ತು. ಲಿನಕ್ಸ್‌ನ ಒಳಗನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು.

ಲಿನಕ್ಸ್‌ನ ಹುಟ್ಟಿಗೆ ಮೋಡೆಮ್ಮೇ ಒಂದು ಕಾರಣ ಎಂದರೆ ಆಶ್ಚರ್ಯವಾದೀತು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಮನೆಯಿಂದಲೇ ವಿಶ್ವವಿದ್ಯಾಲಯದ ಗಣಕಕ್ಕೆ ಕರೆ ಮಾಡಲು ಒಂದು ಪುಟ್ಟ ತಂತ್ರಾಂಶ ಬರೆದರು. ಅಲ್ಲಿಂದ ತಂದ ಕಡತಗಳನ್ನು ಉಳಿಸಿಕೊಳ್ಳಬೇಕು ಎನ್ನಿಸಿದಾಗ ಡಿಸ್ಕನ್ನು ನಡೆಸುವ ಭಾಗ ಸೇರಿಸಿದರು. ಹೀಗೆ ಸೇರಿಸುತ್ತ ಹೋದದ್ದು ಪೂರ್ಣ ಕಾರ್ಯಾಚರಣ ವ್ಯವಸ್ಥೆಯೇ ಆಯಿತು. ಒಮ್ಮೆ ಕೈತಪ್ಪಿ ಮೋಡೆಮ್ ಬದಲು ಡಿಸ್ಕಿಗೇ ಡಯಲ್ ಮಾಡುವ ಆಜ್ಞೆ ಕೊಟ್ಟು, ಅದರಲ್ಲಿದ್ದ ಹಳೆಯ ವ್ಯವಸ್ಥೆಯನ್ನು ತಾವೇ ಅಳಿಸಿಹಾಕಿದ ಪ್ರಸಂಗವನ್ನೂ ಅವರು ಹೇಳಿಕೊಂಡಿದ್ದಾರೆ. ಇಂಥ ವಂಶದ ಲಿನಕ್ಸ್‌ಗೆ ಕೆಲವೇ ವರ್ಷಗಳಲ್ಲಿ ಮೋಡೆಮ್ಮೇ ದೊಡ್ಡ ತೊಡಕಾಯಿತು.

ಅರ್ಧವೇ ಇದ್ದ ಮೋಡೆಮ್

ಹಳೆಯ ಮೋಡೆಮ್ ಒಂದು ಪೂರ್ಣ ಯಂತ್ರ. ಸ್ವರಗಳ ಲೆಕ್ಕ ಹಾಕಲು ಅದರೊಳಗೇ ಒಂದು ಚಿಪ್, ಆಜ್ಞೆಗಳನ್ನು ಅರಿತು ನಡೆಸಲು ಇನ್ನೊಂದು. ಅಂಥದನ್ನು ಲಿನಕ್ಸ್ ಗಣಕದ ಹಿಂಬದಿಗೆ ಸಿಕ್ಕಿಸಿದರೆ ತಕರಾರಿರಲಿಲ್ಲ. ವಿಂಡೋಸ್‌ನಲ್ಲಿ ಕಾಮ್1 ಎನ್ನುವ ಕಿಂಡಿಗೆ ಲಿನಕ್ಸ್‌ನಲ್ಲಿ ಟಿಟಿವೈಎಸ್0 ಎಂಬ ಹೆಸರು. ಎಣಿಕೆ ಸೊನ್ನೆಯಿಂದ ಶುರು ಎಂಬುದು ತಿಳಿದರೆ ಸಾಕು. ಮಿನಿಕಾಮ್ ತೆರೆದು 'ಎಟಿ' ಎಂದು ಬರೆದರೆ ಮೋಡೆಮ್ 'ಓಕೆ' ಎನ್ನುತ್ತಿತ್ತು. ಹಳೆಯ ವಿನಿಮಯ ಕೇಂದ್ರವಾದರೆ 'ಎಟಿಡಿಟಿ' ಬದಲು 'ಎಟಿಡಿಪಿ' ಎಂದು ಬರೆದು, ತಿರುಗಿಸುವ ಡಯಲ್‌ನಂತೆ ಟಕಟಕ ಎಂದು ಸಂಖ್ಯೆ ಒತ್ತಿಸಬೇಕಿತ್ತು. ನಮ್ಮ ಡಯಲ್ ಟೋನ್ ಅಮೆರಿಕದ ಟೋನಿನಂತಿಲ್ಲ. ಅದು ಗುರುತು ಸಿಗದೆ ಮೋಡೆಮ್ ಮುನಿಸಿಕೊಂಡರೆ 'ಎಕ್ಸ್3' ಸೇರಿಸಿ, ಟೋನಿಗೆ ಕಾಯದೆ ಡಯಲ್ ಮಾಡು ಎನ್ನಬೇಕಿತ್ತು. ಇವೆಲ್ಲ ಒಬ್ಬರಿಂದ ಒಬ್ಬರು ಕಲಿಯಬಹುದಾದ ವಿದ್ಯೆಗಳು.

1990ರ ದಶಕದ ನಡುವಿನಲ್ಲಿ ಗಣಕದ ಸಂಸ್ಕಾರಕಗಳು ವೇಗವಾದವು. ಸ್ವರಗಳ ಲೆಕ್ಕವನ್ನು ಗಣಕವೇ ಮಾಡಲಿ, ಮೋಡೆಮ್‌ನಿಂದ ಆ ಚಿಪ್‌ಗಳನ್ನು ತೆಗೆದುಬಿಡೋಣ ಎಂದು ತಯಾರಕರು ಯೋಚಿಸಿದರು. ಬೆಲೆ ಇಳಿಯಿತು, ಜಾಗ ಉಳಿಯಿತು. ಇಂಚಿಂಚಿಗೂ ಲೆಕ್ಕವಿರುವ ಲ್ಯಾಪ್‌ಟಾಪ್‌ಗೆ ಇದು ಹೇಳಿ ಮಾಡಿಸಿದಂತಿತ್ತು. ಉಳಿದದ್ದು ತಂತಿಗೆ ಅಂಟಿಕೊಳ್ಳುವ ಭಾಗ ಮತ್ತು ಸ್ವರವನ್ನು ಅಂಕಿಯಾಗಿಸುವ ಒಂದು ಸಣ್ಣ ಚಿಪ್ ಮಾತ್ರ. ಮಿಕ್ಕ ಅರ್ಧ ಮೋಡೆಮ್ ಒಂದು ತಂತ್ರಾಂಶವಾಗಿ ಸಿಡಿಯಲ್ಲಿ ಬರುತ್ತಿತ್ತು, ಅದೂ ವಿಂಡೋಸ್‌ಗೆ ಮಾತ್ರ. ಅದಕ್ಕೇ ಜನ ಇದನ್ನು ವಿನ್‌ಮೋಡೆಮ್ ಎಂದರು.

ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್‌ನಲ್ಲಿ ಇಂಥ ಮೋಡೆಮ್ ಕಣ್ಣಿಗೆ ಕಾಣುತ್ತದೆ, ಕೆಲಸಕ್ಕೆ ಬರುವುದಿಲ್ಲ. ಅದನ್ನು ಮಾತನಾಡಿಸುವ ಬಗೆಯನ್ನು ತಯಾರಕರು ಪ್ರಕಟಿಸಿರಲಿಲ್ಲ. ಹೊರಗಿನವರು ಆ ಅರ್ಧವನ್ನು ಬರೆಯೋಣವೆಂದರೆ 56 ಕಿಲೋಬಿಟ್‌ನ ಗಣಿತದಲ್ಲಿ ಪೇಟೆಂಟ್‌ಗಳ ಮುಳ್ಳುಬೇಲಿ ಬೇರೆ.

ಬೀಗ ಒಳಗೆ, ಕೀಲಿ ಹೊರಗೆ

ಬಳಕೆದಾರರು ಸುಮ್ಮನೆ ಕೂರಲಿಲ್ಲ. ಯಾವ ಲ್ಯಾಪ್‌ಟಾಪ್‌ನಲ್ಲಿ ಯಾವ ಚಿಪ್ ಇದೆ, ಅದು ಯಾವ ಉಪಾಯದಿಂದ ಓಡಿತು ಎಂದು ಪಟ್ಟಿ ಮಾಡಿ ಹಂಚಿಕೊಂಡರು. ಒತ್ತಾಯ ಹೆಚ್ಚಿದಂತೆ ಕೆಲವು ಕಂಪನಿಗಳು ಮಣಿದವು, ಆದರೆ ಅರೆಮನಸ್ಸಿನಿಂದ. ಲೂಸೆಂಟ್ ಚಿಪ್‌ಗಳಿಗೆ ಹೊರಗಿನ ಹೊದಿಕೆ ಮಾತ್ರ ಓದಲು ಸಿಗುವ, ತಿರುಳು ಮುಚ್ಚಿದ ಚಾಲಕ ತಂತ್ರಾಂಶ ಸಿಕ್ಕಿತು. ಸ್ಮಾರ್ಟ್ ಲಿಂಕ್‌ನದೂ ಅದೇ ರೀತಿ. ಕೊನೆಕ್ಸಂಟ್ ಚಿಪ್‌ಗಳಿಗೆ ಲಿನಕ್ಸಂಟ್ ಎಂಬ ಕಂಪನಿ ಕೊಟ್ಟ ಚಾಲಕ ಪುಕ್ಕಟೆಯಾಗಿ 14.4 ಕಿಲೋಬಿಟ್ ವೇಗದಲ್ಲಷ್ಟೇ ಓಡುತ್ತಿತ್ತು. ಪೂರ್ಣ ವೇಗ ಬೇಕಾದರೆ ಹಣ ತೆರಬೇಕು. ಇದಕ್ಕೆ ಹೊರತಾಗಿ ಐಬಿಎಂ ತನ್ನ ಕೆಲವು ಥಿಂಕ್‌ಪ್ಯಾಡ್‌ಗಳ ಎಂವೇವ್ ಚಿಪ್‌ಗೆ ಬರೆದ ಚಾಲಕ ಲಿನಕ್ಸ್‌ನ ತಿರುಳಿಗೇ ಸೇರಿತು.

ಮುಚ್ಚಿದ ಚಾಲಕದ ಇನ್ನೊಂದು ಕಷ್ಟವೆಂದರೆ ಅದು ಲಿನಕ್ಸ್‌ನ ನಿರ್ದಿಷ್ಟ ಆವೃತ್ತಿಗೆ ಅಂಟಿಕೊಂಡಿರುತ್ತಿತ್ತು. ಲಿನಕ್ಸ್ ಹೊಸದಾದರೆ ಚಾಲಕ ಕೆಲಸಕ್ಕೆ ಬಾರದು. ಹೊಸ ಚಾಲಕ ಎಲ್ಲಿದೆ? ಅಂತರಜಾಲದಲ್ಲಿ. ಅಂತರಜಾಲ ಮುಟ್ಟಲು ಏನು ಬೇಕು? ಆ ಚಾಲಕವೇ ಬೇಕು! ಮನೆಯೊಳಗೆ ಬೀಗ, ಹೊರಗೆ ಕೀಲಿ ಎಂಬಂಥ ಸ್ಥಿತಿ.

ದೊಡ್ಡ ಊರಿನವರು ಸೈಬರ್ ಕೆಫೆಗೆ ಹೋಗಿ 1.44 ಮೆಗಾಬೈಟ್‌ನ ಫ್ಲಾಪಿಯಲ್ಲಿ ಚಾಲಕ ತಂದುಕೊಳ್ಳಬಹುದಿತ್ತು. ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ 1996ರಲ್ಲೇ ಅಂಥ ಕೆಫೆ ಬಂದಿತ್ತು. ಬೇತಮಂಗಲದ ಕಡೆಯವರಿಗೆ ಅದು ಬಸ್ಸು ಹತ್ತಿ ಹೋಗಬೇಕಾದ ದೂರ. ಇಡೀ ಲಿನಕ್ಸನ್ನೇ ದೂರವಾಣಿ ತಂತಿಯ ಮೇಲೆ ಇಳಿಸಿಕೊಳ್ಳೋಣವೆಂದರೆ ಲೆಕ್ಕ ಹಾಕಿ ನೋಡಿ: ಸೆಕೆಂಡಿಗೆ 4 ಕಿಲೋಬೈಟ್ ಸಿಕ್ಕಿದರೂ 650 ಮೆಗಾಬೈಟ್‌ನ ಒಂದು ಸಿಡಿಗೆ ಎಡೆಬಿಡದ 46 ಗಂಟೆ. 250 ಗಂಟೆಗಳ ಖಾತೆಯಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಭಾಗ ಅಷ್ಟಕ್ಕೇ ಮುಗಿದಂತೆ. ಆದ್ದರಿಂದಲೇ ಪಿಸಿ ಕ್ವೆಸ್ಟ್‌ನಂಥ ಪತ್ರಿಕೆಗಳು ಸಂಚಿಕೆಯೊಂದಿಗೆ ಕೊಡುತ್ತಿದ್ದ ಲಿನಕ್ಸ್ ಸಿಡಿಗಳಿಗೆ ಅಷ್ಟು ಬೆಲೆ. ಅವು ಕೈಯಿಂದ ಕೈಗೆ ದಾಟಿದವು. 2001ರಲ್ಲಿ ಬೆಂಗಳೂರಿನಲ್ಲಿ ಲಿನಕ್ಸ್ ಬಳಕೆದಾರರ ದೊಡ್ಡ ಸಮ್ಮೇಳನ ನಡೆಯುವ ಹೊತ್ತಿಗೆ ಈ ಸಿಡಿಗಳೇ ಎಷ್ಟೋ ಮಂದಿಗೆ ಪಾಠಶಾಲೆಯಾಗಿದ್ದವು.

ಅದೇ 2001ರಲ್ಲಿ ಬೆಂಗಳೂರಿನಿಂದಲೇ ಬೇರೊಂದು ಬಗೆಯ ಉತ್ತರ ಬಂತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆ ಸೇರಿ ಸಿಂಪ್ಯೂಟರ್ ಎಂಬ ಅಂಗೈ ಗಣಕವನ್ನು ಲೋಕದ ಮುಂದಿಟ್ಟರು. ಅದು ಓಡುತ್ತಿದ್ದುದು ಲಿನಕ್ಸ್‌ನಲ್ಲಿ, ದೂರವಾಣಿಗೆ ಜೋಡಿಸುವ ಮೋಡೆಮ್ ಅದರ ವಿನ್ಯಾಸದಲ್ಲೇ ಸೇರಿತ್ತು. ಯಂತ್ರದ ವಿನ್ಯಾಸವನ್ನೂ ಪರವಾನಗಿಯ ಮೂಲಕ ಇತರರಿಗೆ ತೆರೆದಿಡುವುದು ಅವರ ಉದ್ದೇಶವಾಗಿತ್ತು. ಮಾರುಕಟ್ಟೆಯಲ್ಲಿ ಸಿಂಪ್ಯೂಟರ್ ಗೆಲ್ಲಲಿಲ್ಲ ನಿಜ. ಆದರೂ ಕಿತ್ತೂರಿನ ವಿನಿಮಯ ಕೇಂದ್ರದ ಹಿಂದಿದ್ದ ವಿವೇಕವೇ ಅದರ ಹಿಂದೆಯೂ ಇತ್ತು.

ಕಥೆ ಮುಗಿದಿಲ್ಲ

ಬಿಎಸ್‌ಎನ್‌ಎಲ್ 2005ರಲ್ಲಿ ಬ್ರಾಡ್‌ಬ್ಯಾಂಡ್ ಆರಂಭಿಸಿದ ಮೇಲೆ ಡಯಲ್ ಮಾಡುವ ಕಾಲ ಹಿಂದೆ ಸರಿಯಿತು. ಅಮೆರಿಕದ ಎಓಎಲ್ ತನ್ನ ಡಯಲ್-ಅಪ್ ಸೇವೆಯನ್ನು 2025ರ ಸೆಪ್ಟೆಂಬರ್ 30ರಂದು ನಿಲ್ಲಿಸಿದಾಗ, ಅದು ಇನ್ನೂ ಇತ್ತೇ ಎಂದು ಬೆರಗಾದವರೇ ಹೆಚ್ಚು. ಕೀರಲು ದನಿ ಕೇಳದ ಒಂದು ತಲೆಮಾರು ಈಗ ಕಾಲೇಜು ಮುಗಿಸಿದೆ.

ಆದರೆ ಮೋಡೆಮ್ ಕಣ್ಮರೆಯಾಗಿಲ್ಲ, ಅದು ನಮ್ಮ ಜೇಬು ಸೇರಿದೆ. ಪ್ರತಿ ಮೊಬೈಲ್ ಫೋನಿನಲ್ಲೂ ರೇಡಿಯೊ ಅಲೆಗಳೊಂದಿಗೆ ಮಾತನಾಡುವ ಒಂದು ಮೋಡೆಮ್ ಇದೆ. ಆಂಡ್ರಾಯ್ಡ್ ಫೋನುಗಳ ತಿರುಳು ಲಿನಕ್ಸ್ ಎಂಬುದೂ ನಿಜ. ಆ ಮೋಡೆಮ್ ನಡೆಸುವ ತಂತ್ರಾಂಶ ಮಾತ್ರ ತಯಾರಕರ ಗುಟ್ಟಾಗಿಯೇ ಉಳಿದಿದೆ. ಕಂಪನಿ ಅದಕ್ಕೆ ದುರಸ್ತಿ ಕೊಡುವುದನ್ನು ನಿಲ್ಲಿಸಿದ ದಿನ, ಗಟ್ಟಿಮುಟ್ಟಾದ ಫೋನು ಕೂಡ ಹಳತಾಗಿಬಿಡುತ್ತದೆ. ಅದನ್ನು ಸರಿಪಡಿಸುವ ಜಾಣ್ಮೆ ಇರುವವರಿಗೂ ದಾರಿ ಇರುವುದಿಲ್ಲ.

ಬೇತಮಂಗಲದ ಕೆರೆ ಹಿಂದಿನ ಶತಮಾನಗಳಲ್ಲಿ ಒಡೆದದ್ದುಂಟು, ಅದನ್ನು ಮತ್ತೆ ಕಟ್ಟಿಸಿದವರ ಸಂಗತಿ ಶಾಸನಗಳಲ್ಲಿ ಉಳಿದಿದೆ. ಏರಿ ಹೇಗೆ ನಿಲ್ಲುತ್ತದೆ, ತೂಬು ಹೇಗೆ ತೆರೆಯುತ್ತದೆ ಎಂಬುದು ಊರಿನವರಿಗೆ ತಿಳಿದಿದ್ದರಿಂದ ದುರಸ್ತಿ ಸಾಧ್ಯವಾಯಿತು. ಇಂದು ತಂತಿಯೂ ಅಲೆಯೂ ಎಲ್ಲ ಊರನ್ನು ತಲುಪಿವೆ. ಅವುಗಳ ತೂಬು ತೆರೆಯುವ ವಿದ್ಯೆ ನಮ್ಮವರ ಕೈಯಲ್ಲಿದೆಯೇ ಎಂದು ಕೇಳಿಕೊಳ್ಳಬೇಕಾದ ಕಾಲವಿದು.