ನಿದ್ರಾದೇಶದ ನೀಮೋ: ಕಡೆಯ ಚೌಕದ ವಿಚಾರ

ಅಮೆರಿಕೆಯ ನ್ಯೂಯಾರ್ಕ್ ನಗರದಲ್ಲಿ ಪ್ರಕಟವಾಗುತ್ತಿದ್ದ ‘ಹೆರಾಲ್ಡ್’ ಎಂಬ ವೃತ್ತಪತ್ರಿಕೆಯ ಭಾನುವಾರದ ವರ್ಣಪುಟಗಳಲ್ಲಿ, ೧೯೦೫ನೆಯ ಅಕ್ಟೋಬರ್ ೧೫ರಂದು, ವಿನ್ಸರ್ ಮೆಕೇ ಎಂಬ ಚಿತ್ರಕಾರನು ‘ನಿದ್ರಾದೇಶದಲ್ಲಿ ಪುಟ್ಟ ನೀಮೋ’ ಎಂಬ ಚಿತ್ರಕಥೆಯನ್ನು ಆರಂಭಿಸಿದನು. ೧೯೧೧ರ ಜುಲೈವರೆಗೆ ಅದು ಆ ಪತ್ರಿಕೆಯಲ್ಲಿಯೇ ನಡೆಯಿತು. ಕಥೆಯ ಕಟ್ಟು ಬಹು ಸರಳ. ಬಾಲಕನೊಬ್ಬನು ನಿದ್ರಿಸುವನು, ಕನಸಿನಲ್ಲಿ ಮಾರ್ಫಿಯಸ್ ಎಂಬ ನಿದ್ರಾರಾಜನ ದೇಶಕ್ಕೆ ಹೊರಡುವನು, ವಿಪತ್ತೊಂದು ಒದಗಿದೊಡನೆ ಪುಟದ ಕಡೆಯ ಕಿರುಚೌಕದಲ್ಲಿ ಎಚ್ಚತ್ತು, ಹಾಸಿಗೆಯ ಮೇಲೋ ನೆಲದ ಮೇಲೋ ಕಾಣಿಸಿಕೊಳ್ಳುವನು. ವಾರವಾರವೂ ಇದೇ ಮುಕ್ತಾಯ. ಆದುದರಿಂದ ಆ ಚೌಕವನ್ನು ಕೇವಲ ಒಂದು ಕಟ್ಟುಪಾಡೆಂದೆಣಿಸಿ ದಾಟಿಹೋಗುವುದು ಸುಲಭ. ಆದರೆ ಇಡೀ ಕೃತಿಯ ಅರ್ಥನಿರ್ಣಯವು ಅದನ್ನೇ ಅವಲಂಬಿಸಿರುವುದು.

ಚರಕಸಂಹಿತೆಯ ಇಂದ್ರಿಯಸ್ಥಾನದಲ್ಲಿ ಸ್ವಪ್ನಗಳನ್ನು ದೃಷ್ಟ, ಶ್ರುತ, ಅನುಭೂತ, ಪ್ರಾರ್ಥಿತ, ಕಲ್ಪಿತ, ಭಾವಿಕ, ದೋಷಜ ಎಂದು ಏಳು ಬಗೆಯಾಗಿ ವಿಂಗಡಿಸಿದೆ. ಮೆಕೇಗೆ ಈ ಶಾಸ್ತ್ರದ ಗಂಧವಿದ್ದಿತೆಂದು ಯಾರೂ ಹೇಳರು. ಆದರೂ ಅವನ ಎರಡು ಕೃತಿಗಳ ಭೇದವನ್ನು ಅಳೆಯಲು ಈ ವಿಂಗಡಣೆ ಒದಗಿಬರುತ್ತದೆ. ನೀಮೋವಿಗೆ ಮುನ್ನ, ೧೯೦೪ರಲ್ಲಿ, ಆತನು ‘ಸೈಲಸ್’ ಎಂಬ ಕಲ್ಪಿತನಾಮದಿಂದ ‘ಈವನಿಂಗ್ ಟೆಲಿಗ್ರಾಂ’ ಪತ್ರಿಕೆಯಲ್ಲಿ ಮತ್ತೊಂದು ಸ್ವಪ್ನಮಾಲೆಯನ್ನು ತೊಡಗಿದ್ದನು. ಅದರಲ್ಲಿ ಕನಸು ಕಾಣುವವರು ದೊಡ್ಡವರು. ಕನಸಿಗೆ ಕಾರಣ, ಚೀಸನ್ನು ಕರಗಿಸಿ ಸುರಿದ ಸುಟ್ಟ ರೊಟ್ಟಿಯನ್ನು ರಾತ್ರಿಯ ಹೊತ್ತು ತಿಂದುದು. ಅಜೀರ್ಣದಿಂದ ಭಯ, ಭಯದಿಂದ ಎಚ್ಚರ, ಎಚ್ಚತ್ತ ಮೇಲೆ ಆ ತಿಂಡಿಗೊಂದು ಶಾಪ: ಇಷ್ಟೇ ಸಂವಿಧಾನ. ಇವೆಲ್ಲವೂ ಶುದ್ಧ ದೋಷಜ ಸ್ವಪ್ನಗಳು.

ನೀಮೋವಿನ ಕಡೆಯ ಚೌಕದಲ್ಲಿಯೂ ಹಿರಿಯರು ಹಲವು ವೇಳೆ ಇದೇ ನಿದಾನವನ್ನು ಹೇಳುವರು: ಮಲಗುವ ಮೊದಲು ಹುಡುಗನು ತಿನ್ನಬಾರದುದನ್ನು ತಿಂದನು, ಅದೇ ಕಾರಣ. ಆದರೆ ಮೊದಲನೆಯ ಪುಟವನ್ನೇ ನೋಡಿದರೆ, ಕಾರಣವು ಬೇರೆಯಾಗಿ ಕಾಣುವುದು. ಅಲ್ಲಿ ನಿದ್ರಾರಾಜನ ದೂತನು ನೀಮೋವನ್ನು ಕರೆಯಲು ಬಂದಿರುವನು. ಸವಾರಿಗೆಂದು ಸೋಮ್ನಸ್ ಎಂಬ ಕುದುರೆಯನ್ನು ತಂದಿರುವನು. ಅರಮನೆಯಲ್ಲಿ ರಾಜಕುಮಾರಿಗೆ ಆಟದ ಜೊತೆಗಾರನು ಬೇಕಾಗಿದೆ. ಎಂದರೆ, ಈ ಸ್ವಪ್ನವು ಪ್ರಾರ್ಥಿತವೇ ಸರಿ. ಆದರೆ ಪ್ರಾರ್ಥಿಸಿದವರು ಕನಸು ಕಾಣುವವನಲ್ಲ, ಕನಸಿನೊಳಗಿನವರು! ಚರಕನ ಪಟ್ಟಿಯಲ್ಲಿ ಇದಕ್ಕೆ ಸ್ಥಳವಿಲ್ಲ. ‘ನೀಮೋ’ ಎಂಬ ಲ್ಯಾಟಿನ್ ಪದಕ್ಕೆ ‘ಯಾರೂ ಅಲ್ಲ’ ಎಂದರ್ಥವೆಂಬುದನ್ನು ಇಲ್ಲಿ ನೆನೆಯಬೇಕು. ಕನಸಿಗನು ಯಾರೂ ಅಲ್ಲ. ಇಚ್ಛೆ, ಕೋಪ, ಹಟಗಳೆಲ್ಲ ಕನಸಿನ ಪ್ರಜೆಗಳವು. ಬೆಳಗಿನ ನೆಂಟನಾದ ಫ್ಲಿಪ್ಪನು ‘ಏಳು’ ಎಂಬ ಬರಹವುಳ್ಳ ಟೋಪಿಯನ್ನು ತೊಟ್ಟು, ಬಾಯಲ್ಲಿ ಚುಟ್ಟವನ್ನು ಕಚ್ಚಿ, ಹುಡುಗನ ಪ್ರಯಾಣವನ್ನು ಕೆಡಿಸಲು ಮತ್ತೆ ಮತ್ತೆ ಬರುವನು. ನೀಮೋವಿಗಿಂತ ಅವನೇ ಸಜೀವನೆಂದು ತೋರಿದರೆ ಆಶ್ಚರ್ಯವಿಲ್ಲ.

ಕಾರಣವು ಯಾವುದಾದರೇನು ಎನ್ನುವಂತಿಲ್ಲ. ೧೯೦೮ರ ಪುಟಗಳಲ್ಲಿ ನೀಮೋ ಒಂದು ಬಡವರ ಕೇರಿಯನ್ನು ಹೊಗುವನು. ಕೈಯಲ್ಲಿ ಮಂತ್ರದಂಡವಿದೆ. ಮುರುಕು ಗುಡಿಸಲುಗಳು ಸೌಧಗಳಾಗುವುವು, ಕೊಳಕು ನೆಲವು ತೋಟವಾಗುವುದು, ಹಾಸಿಗೆ ಹಿಡಿದ ಬಾಲೆಯು ಏಳುವಳು. ಕರೆದಲ್ಲಿಗೆ ಹೋಗುತ್ತಿದ್ದ ಹುಡುಗನು ಇಲ್ಲಿ ತಾನಾಗಿ ಕೊಡುವವನಾದನು. ಹಿರಿಯರ ನಿದಾನವೇ ಪ್ರಮಾಣವಾದರೆ, ಈ ಕಾರುಣ್ಯವೂ ಅಜೀರ್ಣದ ಫಲವೆಂದೇ ಒಪ್ಪಬೇಕಾಗುವುದು. ಹಾಗೆ ಒಪ್ಪಲು ಈ ಪುಟಗಳು ಎಡೆಗೊಡುವುದಿಲ್ಲ.

ಎಡೆಗೊಡದಿರುವುದು ಮಾತಿನಿಂದಲ್ಲ, ಚಿತ್ರದ ಅಳತೆಯಿಂದ. ಮಾತಿನಲ್ಲಿ ಮೆಕೇ ಸಮರ್ಥನಲ್ಲ. ಅವನ ಪಾತ್ರಗಳ ಸಂಭಾಷಣೆ ನೀರಸ. ಆರಂಭದಲ್ಲಿ ಪ್ರತಿಯೊಂದು ಚೌಕದ ಕೆಳಗೂ ವಿವರಣೆಯನ್ನು ಬರೆದು, ಕಣ್ಣಿಗೆ ಕಂಡುದನ್ನೇ ಮತ್ತೆ ಹೇಳುವ ಪುನರುಕ್ತಿದೋಷಕ್ಕೆ ಗುರಿಯಾಗಿದ್ದನು. ಕೆಲವು ತಿಂಗಳುಗಳಲ್ಲಿ ತಾನೇ ಅದನ್ನು ತೊರೆದನು. ಅವನ ಪ್ರತಿಭೆಯಿರುವುದು ಚೌಕದ ಪ್ರಮಾಣದಲ್ಲಿ. ೧೯೦೮ನೆಯ ಜುಲೈ ೨೬ರ ಪುಟವನ್ನು ನೋಡಬೇಕು. ನೀಮೋ ಮತ್ತು ಫ್ಲಿಪ್ ಕುಳಿತಿರುವ ಮಂಚದ ಕಾಲುಗಳು ಬೆಳೆಯತೊಡಗುವುವು. ಮಂಚವು ಮನೆಯಿಂದ ಹೊರಟು ನಗರದ ಮಾಳಿಗೆಗಳ ಮೇಲೆ ಕುದುರೆಯಂತೆ ಓಡುವುದು. ಕಾಲು ನೀಳವಾದಂತೆಲ್ಲ ಚೌಕವೂ ನೀಳವಾಗುವುದು. ಕೊನೆಗೆ ಮಂಚವು ಇಗರ್ಜಿಯೊಂದರ ಶಿಖರಕ್ಕೆ ತೊಡರಿ ಮುಗ್ಗರಿಸುವುದು. ಮರುಚೌಕದಲ್ಲಿ ಹುಡುಗನು ಮಂಚದ ಕೆಳಗೆ. ಎಚ್ಚರಕ್ಕೂ ನಿದ್ರೆಗೂ ಎಲ್ಲೆಯಾದ ಮಂಚವೇ ಎಲ್ಲೆಯನ್ನು ಮೀರಿತು. ಅದನ್ನು ಓದುಗನು ಓದಿ ತಿಳಿಯುವುದಲ್ಲ, ಕಣ್ಣೆತ್ತಿ ಅಳೆಯುವನು. ಪುಟದ ಬಹುಭಾಗವನ್ನು ಕನಸಿಗೆ ಕೊಟ್ಟು, ಒಂದು ಮೂಲೆಯ ಕಿರುಚೌಕವನ್ನು ಎಚ್ಚರಕ್ಕೆ ಕೊಟ್ಟವನು ಹಿರಿಯರ ತೀರ್ಪಿಗೆ ಎಷ್ಟು ಬೆಲೆ ಕಟ್ಟಿರುವನೆಂಬುದು ಸ್ಪಷ್ಟ. ತೀರ್ಪನ್ನು ಅಳಿಸಲಿಲ್ಲ, ಅದರ ಸ್ಥಳವನ್ನು ಕಿರಿದುಮಾಡಿದನು.

ಇಷ್ಟು ಹೇಳಿದ ಮೇಲೆ ಕೃತಿಯ ಕಳಂಕವನ್ನು ಮುಚ್ಚಿಡುವುದು ವಿಮರ್ಶೆಯಾಗದು. ಮಿಠಾಯಿ ದ್ವೀಪಗಳ ಪ್ರಯಾಣದಲ್ಲಿ ಇಂಪ್ ಎಂಬ ಕಪ್ಪು ಬಾಲಕನು ಬಂದು ಸೇರುವನು. ದಪ್ಪ ತುಟಿ, ಹುಲ್ಲಿನ ಉಡುಗೆ, ಅರ್ಥವಿಲ್ಲದ ಗೊಣಗು: ಅಂದಿನ ಅಮೆರಿಕೆಯ ಬಿಳಿಯರು ಆಫ್ರಿಕದ ಜನರನ್ನು ಹಾಸ್ಯಮಾಡಲು ಬಳಸುತ್ತಿದ್ದ ಅಚ್ಚೇ ಇದು. ಕಾಲದ ರೂಢಿಯೆಂದು ಇದನ್ನು ಕ್ಷಮಿಸುವವರು ಒಂದು ವಿಷಯವನ್ನು ಗಮನಿಸುವುದಿಲ್ಲ. ಈ ದೇಶದಲ್ಲಿ ಮಂಚವು ನಡೆಯುವುದು, ಮೆಟ್ಟಿಲು ತಲೆಕೆಳಗಾಗುವುದು, ವೈರಿಯಾದ ಫ್ಲಿಪ್ಪನು ಗೆಳೆಯನಾಗುವನು. ಇಂಪನಿಗೆ ಮಾತ್ರ ಮಾತು ಬರುವುದಿಲ್ಲ. ಬದಲಾವಣೆಯೇ ಧರ್ಮವಾದ ಲೋಕದಲ್ಲಿ ಬದಲಾಗದೆ ಉಳಿದ ಈ ರೂಪವು ನೀತಿಯ ದೋಷ ಮಾತ್ರವಲ್ಲ, ಕಾವ್ಯದೋಷವೂ ಹೌದು. ಕನಸು ಅಲ್ಲಿಗೆ ನಿಂತು, ಹಗಲಿನ ಬೀದಿಯು ಒಳಹೊಕ್ಕಿದೆ.

೧೯೧೧ರಲ್ಲಿ ಮೆಕೇ ಹೆರಾಲ್ಡನ್ನು ಬಿಟ್ಟು ಹರ್ಸ್ಟನ ಪತ್ರಿಕೆಯನ್ನು ಸೇರಿದನು. ಪಾತ್ರಗಳು ಅವನೊಡನೆ ಹೋದುವು, ಹೆಸರು ಹೋಗಲಿಲ್ಲ. ‘ಅದ್ಭುತ ಸ್ವಪ್ನಗಳ ನಾಡಿನಲ್ಲಿ’ ಎಂಬ ಬೇರೆ ತಲೆಬರಹದಿಂದ ೧೯೧೪ರವರೆಗೆ ನಡೆದು ನಿಂತಿತು. ಹೊಸ ಒಡೆಯನು ಅವನನ್ನು ಸಂಪಾದಕೀಯ ಚಿತ್ರಗಳ ಕೆಲಸಕ್ಕೆ ಹೂಡಿದನು. ೧೯೨೪ರಲ್ಲಿ ‘ಹೆರಾಲ್ಡ್ ಟ್ರಿಬ್ಯೂನ್’ ಪತ್ರಿಕೆಯಲ್ಲಿ ಹಳೆಯ ಹೆಸರಿನಿಂದಲೇ ಮರಳಿ ಆರಂಭಿಸಿದಾಗ ಕೈಯ ನಯವು ಕುಂದಿರಲಿಲ್ಲ. ಆದರೆ ಚೌಕಗಳು ಬಹುಮಟ್ಟಿಗೆ ಸಮಾನವಾದುವು. ಕನಸಿನ ಚೌಕಕ್ಕೂ ಎಚ್ಚರದ ಚೌಕಕ್ಕೂ ಅಳತೆ ಒಂದೇ ಆಯಿತು. ಎರಡು ವರ್ಷಗಳ ಬಳಿಕ ಅದೂ ನಿಂತುಹೋಯಿತು.