ಗಂಡಭೇರುಂಡನ ಬಾಳು ಮತ್ತು ಬಲ

ಇಂದಿನ ಚಿತ್ರಕಥೆಗಳಲ್ಲಿ ರೆಕ್ಕೆಯುಳ್ಳ ವೀರರು ಹಾರಾಡುತ್ತಾರೆ. ಶತಮಾನಗಳ ಹಿಂದೆಯೇ ಕನ್ನಡನಾಡು ಅಂತಹ ಅತಿಮಾನುಷನೊಬ್ಬನನ್ನು ಕಲ್ಪಿಸಿಕೊಂಡಿತ್ತು. ಅವನೇ ಎರಡು ತಲೆಯ ಗಂಡಭೇರುಂಡ. ನರಸಿಂಹನನ್ನು ಅಡಗಿಸಲು ಶಿವನು ಶರಭನಾಗಲು, ಶರಭನನ್ನು ಗೆಲ್ಲಲು ವಿಷ್ಣುವು ಈ ರೂಪವನ್ನು ತಾಳಿದನೆಂದು ವೈಷ್ಣವರ ಕಥೆ. ಇವನ ಹುಟ್ಟಿಗೆ ಈ ಕಥೆಯೇ ಕಾರಣವೆಂದು ಹೇಳುವುದು ವಾಡಿಕೆಯಾಗಿದೆ. ಅದು ಎಷ್ಟರಮಟ್ಟಿಗೆ ಸರಿಯೆಂಬುದು ವಿಚಾರಾರ್ಹ.

ಇಂದಿನ ಕೊಪ್ಪಳ ಜಿಲ್ಲೆಯ ತಳಕಲ್, ಇಟಗಿಗಳ ಸೀಮೆಯೂ ಬನವಾಸಿ ನಾಡೂ ಕಲ್ಯಾಣದ ಚಾಲುಕ್ಯರಿಗೆ ಅಧೀನವಾಗಿದ್ದ ಕಾಲವದು. ಕ್ರಿ.ಶ. 1047ರಲ್ಲಿ ಮಹಾಮಂಡಲೇಶ್ವರ ಚಾಮುಂಡರಾಯರಸನು ಬಳ್ಳಿಗಾವೆಯಲ್ಲಿ ಭೇರುಂಡಸ್ತಂಭವನ್ನು ನಿಲ್ಲಿಸಿದನು. ಅಲ್ಲಿಯ ಮೂರ್ತಿಗೆ ಮನುಷ್ಯನ ದೇಹ, ಹಕ್ಕಿಯ ಎರಡು ತಲೆ. ಸ್ತಂಭವು ನಿಂತುದು ಜಗದೇಕಮಲ್ಲೇಶ್ವರನೆಂಬ ಶಿವನ ಗುಡಿಯ ಮುಂದೆ. ಶಿವನ ಶರಭರೂಪವನ್ನು ಸೋಲಿಸಿದವನಿಗೆ ಶಿವಾಲಯದೆದುರು ಕಂಬವೆತ್ತಿಸುವರೆ? ‘ಗಂಡ’ನೆಂದರೆ ಶೂರ, ಗಂಡಭೇರುಂಡನೆಂಬುದು ಶಾಸನಗಳಲ್ಲಿ ವೀರರ ಬಿರುದೂ ಹೌದು. ಆದುದರಿಂದ ಬಳ್ಳಿಗಾವೆಯ ಮೂರ್ತಿಯನ್ನು ಶೌರ್ಯದ ಸಂಕೇತವೆಂದು ತಿಳಿಯುವುದೇ ಯುಕ್ತ.

ಮುಂದೆ ವಿಜಯನಗರದ ಅಚ್ಯುತರಾಯನ (1529–1542) ಚಿನ್ನದ ನಾಣ್ಯಗಳಲ್ಲಿ ಇವನು ಪೂರ್ಣವಾಗಿ ಪಕ್ಷಿಯಾಗಿ, ಕೊಕ್ಕುಗಳಲ್ಲಿಯೂ ಉಗುರುಗಳಲ್ಲಿಯೂ ಆನೆಗಳನ್ನು ಹಿಡಿದಿದ್ದಾನೆ. ಅಚ್ಯುತರಾಯನು ತಿರುಮಲೆಯ ವೇಂಕಟೇಶನ ಭಕ್ತ. ವೈಷ್ಣವ ಅರ್ಥವು ಆ ಆಸ್ಥಾನಕ್ಕೆ ಒಪ್ಪುವಂತಹುದು. ಮೈಸೂರು ಒಡೆಯರ ಲಾಂಛನವಾದ ಮೇಲೆ ಇವನು ರಾಜ್ಯರಕ್ಷಕನಾದನು. ಇಂದು ಕರ್ನಾಟಕ ಸರ್ಕಾರದ ಮುದ್ರೆಯಲ್ಲಿ ನೆಲೆಸಿದ್ದಾನೆ.

ಹೀಗೆ ಸಾಮಂತನ ಕಂಬ, ಚಕ್ರವರ್ತಿಯ ನಾಣ್ಯ, ಜನತೆಯ ಸರ್ಕಾರ — ಆಶ್ರಯ ಬದಲಾದಂತೆ ಇವನ ಬಲದ ಅರ್ಥವೂ ಬದಲಾಗಿದೆ. ಬಳಿಕ ಬೆಳೆದ ಕಥೆಯಿಂದ ಹಿಂದಿನ ಕಲ್ಲನ್ನು ಓದದೆ, ಕಲ್ಲಿನ ಕಾಲವನ್ನೂ ಅದು ನಿಂತ ಸ್ಥಳವನ್ನೂ ಮೊದಲು ನೋಡುವುದು ಇತಿಹಾಸ ವಿದ್ಯಾರ್ಥಿಯ ಕರ್ತವ್ಯ.