ಹೆಸರಿಲ್ಲದವರ ಫೋಟೋಗಳು ಮತ್ತು ಒಂದು ಪೌಂಡ್ ಧಾನ್ಯ

ಅರಸೀಕೆರೆ ಅಂದ ಕೂಡಲೇ ಬೆಂಗಳೂರಿನಲ್ಲಿ ಎಲ್ಲರೂ ಕೇಳೋದು ಒಂದೇ - "ಹಾಸನದ ಹತ್ರ ಇರೋ ಜಂಕ್ಷನ್ನಾ?" ಅಲ್ಲ ಸ್ವಾಮಿ, ಇದು ಬೇರೆ ಅರಸೀಕೆರೆ. ಹರಪನಹಳ್ಳಿ ತಾಲ್ಲೂಕಿನ ಹೋಬಳಿ ಊರು, ಉಚ್ಚಂಗಿದುರ್ಗದ ಸೀಮೆ. ನಮ್ಮದು ಜಿಲ್ಲೆ ಬದಲಾಯಿಸೋದರಲ್ಲಿ ಎತ್ತಿದ ಕೈ :-) ಬಳ್ಳಾರಿಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಸೇರಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಬದಲಾಗದೇ ಉಳಿದಿರೋದು ಮಳೆಗಾಗಿ ಮುಗಿಲು ನೋಡುವುದು ಮತ್ತು ಮಳೆ ಕೈಕೊಟ್ಟಾಗ ಗುಳೆ ಹೋಗುವುದು.

ಈ ಸೀಮೆಯ ಬರದ ಬಗ್ಗೆ ಓದಲು ಶುರು ಮಾಡಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಚಿತ್ರ. 1877ರ ಅಕ್ಟೋಬರ್‌ನಲ್ಲಿ ಲಂಡನ್ನಿನ 'ದಿ ಗ್ರಾಫಿಕ್' ವಾರಪತ್ರಿಕೆಯಲ್ಲಿ ಅಚ್ಚಾದ ಕೆತ್ತನೆ ಚಿತ್ರ. ಬಳ್ಳಾರಿ ಜಿಲ್ಲೆಯ ಬರದಲ್ಲಿ ಜನರ ಮತ್ತು ದನಗಳ ಪಾಡು ಏನಾಗಿತ್ತು ಅನ್ನೋದನ್ನ ತೋರಿಸುವ ಚಿತ್ರ. ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ ಅಂದರೆ ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ ಎಲ್ಲವೂ ಅದರಲ್ಲೇ. ಅದೇ ತಿಂಗಳ 20ರಂದು 'ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್' ಬೆಂಗಳೂರಿನಲ್ಲಿ ಪರಿಹಾರಕ್ಕೆ ಕಾದು ಕೂತವರ ಚಿತ್ರ ಹಾಕಿತು. ನಮ್ಮ ಕಡೆಯವರು ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿದ್ದು ಹೀಗೆ... ಹಸಿದವರಾಗಿ, ಹೆಸರಿಲ್ಲದವರಾಗಿ.

ಹಳಬರ ಬಾಯಲ್ಲಿ ಅದು ಧಾತು-ಈಶ್ವರದ ಬರ. ಧಾತು ಸಂವತ್ಸರ (1876-77) ಮತ್ತು ಈಶ್ವರ ಸಂವತ್ಸರ (1877-78), ಎರಡನ್ನೂ ತಿಂದು ಹಾಕಿದ್ದರಿಂದ ಆ ಹೆಸರು. 1876ರಲ್ಲಿ ಮುಂಗಾರು, ಹಿಂಗಾರು ಎರಡೂ ಕೈಕೊಟ್ಟವು. ಮರುವರ್ಷದ ಮುಂಗಾರೂ ಸಮಯಕ್ಕೆ ಬರಲಿಲ್ಲ. ಬಳ್ಳಾರಿ ಪಟ್ಟಣಕ್ಕೆ ಆಗಲೇ ರೈಲು ಬಂದಿತ್ತು. ಆದರೆ ಪಶ್ಚಿಮದ ತಾಲ್ಲೂಕುಗಳಿಗೆ ರೈಲಿರಲಿಲ್ಲ. ಹೊಸಪೇಟೆಗೆ ಅದು ಬಂದದ್ದು 1880ರ ದಶಕದಲ್ಲಿ, ಕೊಟ್ಟೂರಿಗೆ ಬಂದದ್ದು 1905ರಲ್ಲಿ. ಅಂದರೆ ಕಾಳು ಬರಬೇಕಾದ್ದು ಎತ್ತಿನ ಗಾಡಿಯಲ್ಲಿ. ಮೇವು ನೀರಿಲ್ಲದೆ ಎತ್ತುಗಳೇ ಸಾಯುತ್ತಿದ್ದರೆ ಗಾಡಿ ಎಳೆಯೋರ್ಯಾರು? ಗ್ರಾಫಿಕ್ ಪತ್ರಿಕೆಯ ಚಿತ್ರದಲ್ಲಿ ದನಗಳೂ ಇರುವುದಕ್ಕೆ ಇರೋ ಅರ್ಥ ಇದು. ಒಣಭೂಮಿ ರೈತನಿಗೆ ಎತ್ತು ಸತ್ತರೆ ಈ ವರ್ಷದ ಅನ್ನದ ಜೊತೆ ಮುಂದಿನ ವರ್ಷದ ಬೇಸಾಯವೂ ಹೋದಂತೆ.

ಬರ ಮುಗಿದ ಮೇಲೆ 1881ರ ಜನಗಣತಿ ಆಯಿತು. ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಹತ್ತು ವರ್ಷದಲ್ಲಿ ಸುಮಾರು ಐದರಲ್ಲಿ ಒಂದು ಭಾಗ ಕಡಿಮೆಯಾಗಿತ್ತು. ಪಕ್ಕದ ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50 ಲಕ್ಷ ದಾಟಿದ್ದ ಜನ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿದ್ದರು. ಒಂದು ಊರಿನಲ್ಲಿ ನೂರು ಜನ ಇದ್ದರು ಅಂದ್ಕೊಳ್ಳಿ, ಹತ್ತು ವರ್ಷದ ನಂತರ ಎಂಬತ್ತು ಜನ. ಆ ಮಧ್ಯೆ ಹುಟ್ಟಿದವರನ್ನೂ ಸೇರಿಸಿ!

*

ಆ ಬರದ ಫೋಟೋಗಳು ಅಂತ ಇವತ್ತು ನಾವು ಇಂಟರ್ನೆಟ್ಟಿನಲ್ಲಿ ನೋಡೋದರಲ್ಲಿ ಬಹುಪಾಲು ಒಬ್ಬನೇ ಮನುಷ್ಯ ತೆಗೆದದ್ದು - ವಿಲ್ಲೋಬಿ ವ್ಯಾಲೇಸ್ ಹೂಪರ್. ಮದ್ರಾಸ್ ಸೈನ್ಯದ ಅಶ್ವದಳದ ಅಧಿಕಾರಿ. ಭಾರತದ ಜಾತಿ ಬುಡಕಟ್ಟುಗಳನ್ನು 'ಮಾದರಿ'ಗಳಾಗಿ ವಿಂಗಡಿಸಿ 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಸರ್ಕಾರ ತಂದ 'ದಿ ಪೀಪಲ್ ಆಫ್ ಇಂಡಿಯಾ' ಮಾಲೆಗೂ ಇವನು ಫೋಟೋ ತೆಗೆದುಕೊಟ್ಟಿದ್ದ. ಬರದ ಫೋಟೋಗಳಲ್ಲೂ ಅದೇ ಕಣ್ಣು. ಎಲುಬಿನ ಗೂಡುಗಳಾದ ಗಂಡಸರು, ಹೆಂಗಸರು, ಮಕ್ಕಳನ್ನು ಗುಂಪಾಗಿ ಕೂರಿಸಿ, ಕ್ಯಾಮೆರಾದ ಕಡೆಗೆ ಮುಖ ಮಾಡಿಸಿ ತೆಗೆದದ್ದು. ಆಗಿನ ಕ್ಯಾಮೆರಾ ನಮ್ಮ ಮೊಬೈಲಿನ ಹಾಗೆ ಕ್ಲಿಕ್ ಅಂತ ಮುಗಿಯುತ್ತಿರಲಿಲ್ಲ. ಗಾಜಿನ ತಟ್ಟೆ, ರಾಸಾಯನಿಕ, ಮುಕ್ಕಾಲಿ... ಅಷ್ಟು ಹೊತ್ತೂ ಹಸಿದವರು ಅಲ್ಲಾಡದೆ ಇರಬೇಕು.

ಒಂದು ಫೋಟೋದ ಶೀರ್ಷಿಕೆಯನ್ನು ಕನ್ನಡದಲ್ಲಿ ಹೇಳಿದರೆ 'ಉಚಿತ ಪರಿಹಾರಕ್ಕೆ ಅರ್ಹರು' ಅಂತಾಗುತ್ತೆ. ಹೆಸರಿಲ್ಲ, ಊರಿಲ್ಲ. 'ಅರ್ಹರು' ಅಷ್ಟೇ.

ಇದೇ ಹೂಪರ್ 1886ರಲ್ಲಿ ಬರ್ಮಾದ ಮಂಡಾಲೆಯಲ್ಲಿ ಸೆರೆಯಾಳುಗಳಿಗೆ ಗುಂಡಿಕ್ಕುವ ಕ್ಷಣದ ಫೋಟೋ ತೆಗೆಯಲು ಹೋಗಿ ದೊಡ್ಡ ಗಲಾಟೆಯಾಯ್ತು. ಸುದ್ದಿ ಲಂಡನ್ನಿನ ಪತ್ರಿಕೆಗೆ, ಅಲ್ಲಿಂದ ಪಾರ್ಲಿಮೆಂಟಿಗೆ ಹೋಗಿ ವಿಚಾರಣೆ ನಡೆಯಿತು.

ಹಾಗಂತ ಹೂಪರ್ ಒಬ್ಬನನ್ನೇ ಬೈದು ಮುಗಿಸುವ ಹಾಗಿಲ್ಲ. ಆ ಫೋಟೋಗಳು ಇಲ್ಲದಿದ್ದರೆ ನಮಗೆ ಇವತ್ತು ಉಳಿಯುತ್ತಿದ್ದದ್ದು ವೈಸರಾಯ್ ಲಿಟ್ಟನ್‌ನಂಥವರ ಮಾತು ಮಾತ್ರ. ಇದೇ ಬರದ ನಡುವೆ, 1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿ ಭಾರತದ ಚಕ್ರವರ್ತಿನಿ ಅಂತ ಘೋಷಿಸಲು ದಿಲ್ಲಿಯಲ್ಲಿ ದರ್ಬಾರು ಮಾಡಿದವನು ಆತ. ಆಮೇಲೆ ಮದ್ರಾಸಿನ ಪರಿಹಾರ ಶಿಬಿರಗಳನ್ನು ನೋಡಿ ಬಂದು ಹೆಂಡತಿಗೆ ಬರೆದ ಪತ್ರದಲ್ಲಿ, ಅವು ಪಿಕ್ನಿಕ್ ಇದ್ದ ಹಾಗಿವೆ, ಒಳಗಿರುವವರು ಕೆಲಸ ಮಾಡದೆ ಕೊಬ್ಬಿದ್ದಾರೆ ಅನ್ನೋ ಅರ್ಥದ ಮಾತು ಬರೆದ. ಒಂದೇ ಪ್ರಾಂತ್ಯ, ಒಂದೇ ಬರ. ಒಬ್ಬನಿಗೆ ಕಂಡದ್ದು ಎಲುಬು, ಇನ್ನೊಬ್ಬನಿಗೆ ಕಂಡದ್ದು ಕೊಬ್ಬು.

*

ಈಗ ಶಿಬಿರದ ವಿಷಯ. ಚಿತ್ರಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಇದೇ.

1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್‌ನನ್ನು ಕ್ಷಾಮದ ವಿಶೇಷ ಪ್ರತಿನಿಧಿಯಾಗಿ ದಕ್ಷಿಣಕ್ಕೆ ಕಳಿಸಿದರು. ಈತನ ಹಿಂದಿನ ಕಥೆ ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತೆ. 1873-74ರ ಬಿಹಾರದ ಬರದಲ್ಲಿ ಇದೇ ಟೆಂಪಲ್ ಬರ್ಮಾದಿಂದ ಅಕ್ಕಿ ತರಿಸಿ ಧಾರಾಳವಾಗಿ ಹಂಚಿದ್ದ. ಹಸಿವಿನಿಂದ ಸತ್ತವರು ತೀರಾ ಕಡಿಮೆ. ಅದಕ್ಕೆ ಸಿಕ್ಕ ಬಹುಮಾನ? ದುಂದುಗಾರ ಅನ್ನೋ ಬೈಗುಳ. ಆ ಕಳಂಕ ತೊಳೆದುಕೊಳ್ಳಲು ಬಂದವನಂತೆ ನಮ್ಮ ಕಡೆ ಬಂದ.

ಕಾಮಗಾರಿಯಲ್ಲಿ ಇಡೀ ದಿನ ಕಲ್ಲು ಮಣ್ಣು ಹೊರುವ ಗಂಡಸಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಅಂದರೆ ಸುಮಾರು 450 ಗ್ರಾಂ, ಜೊತೆಗೆ ಒಂದಾಣೆ. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಡಿಮೆ. ಇದಕ್ಕೆ ಟೆಂಪಲ್ ಕೂಲಿ ಅಂತಲೇ ಹೆಸರಾಯಿತು. ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಾ. ಡಬ್ಲ್ಯೂ. ಆರ್. ಕಾರ್ನಿಶ್ ಇದನ್ನು ನೇರವಾಗಿ ವಿರೋಧಿಸಿದ. ದುಡಿಯುವ ಮನುಷ್ಯನಿಗೆ ಕನಿಷ್ಠ ಒಂದೂವರೆ ಪೌಂಡ್ ಧಾನ್ಯ ಬೇಕು, ಅದರ ಜೊತೆ ಬೇಳೆ, ತರಕಾರಿ ಬೇಕು ಅಂದ. ಕಡೆಗೆ ಮಾರ್ಚ್‌ನಲ್ಲಿ ಮದ್ರಾಸ್ ಸರ್ಕಾರ ಒಂದೂಕಾಲು ಪೌಂಡ್ ಧಾನ್ಯ, ಸ್ವಲ್ಪ ಬೇಳೆ ಅಂತ ಅರ್ಧ ದಾರಿಗೆ ಬಂತು. ಟೆಂಪಲ್ ಕೂಲಿಯಲ್ಲಿ ದಿನಕ್ಕೆ ಸಿಗುತ್ತಿದ್ದದ್ದು ಸುಮಾರು 1,627 ಕ್ಯಾಲೊರಿ, ಹಿಟ್ಲರನ ಬುಕೆನ್‌ವಾಲ್ಡ್ ಶಿಬಿರದ ಪಡಿತರಕ್ಕಿಂತಲೂ ಇದು ಕಡಿಮೆ ಅಂತ ಇತಿಹಾಸಕಾರ ಮೈಕ್ ಡೇವಿಸ್ 2001ರ ತಮ್ಮ ಪುಸ್ತಕದಲ್ಲಿ ಲೆಕ್ಕ ಕೊಟ್ಟಿದ್ದಾರೆ.

ಇಷ್ಟು ಸಾಲದು ಅಂತ 'ದೂರದ ಪರೀಕ್ಷೆ' ಬೇರೆ. ಗಟ್ಟಿಮುಟ್ಟಾಗಿರೋರಿಗೆ ಮನೆಯಿಂದ ಹತ್ತು ಮೈಲಿಯೊಳಗೆ ಕೆಲಸ ಕೊಡಬಾರದು. ನಿಜವಾಗಿ ಹಸಿದವನಾದರೆ ಹತ್ತು ಮೈಲಿ ನಡೆದು ಬರುತ್ತಾನೆ, ಸೋಮಾರಿ ಬರೋದಿಲ್ಲ ಅನ್ನೋ ತರ್ಕ! ಇದು ಇಂಗ್ಲೆಂಡಿನ 1834ರ ಬಡವರ ಕಾಯ್ದೆಯ ತರ್ಕವೇ. ಅಲ್ಲಿನ 'ವರ್ಕ್‌ಹೌಸ್'ಗಳನ್ನು ಬೇಕಂತಲೇ ಕಠಿಣವಾಗಿ ಇಟ್ಟಿದ್ದರು, ಬೇರೆ ಗತಿಯೇ ಇಲ್ಲದವನು ಮಾತ್ರ ಬಾಗಿಲು ತಟ್ಟಲಿ ಅಂತ. ಅದೇ ಮಾದರಿ ಸಮುದ್ರ ದಾಟಿ ನಮ್ಮ ಜೋಳ-ನವಣೆ ಸೀಮೆಗೆ ಬಂತು. ಬರಗಾಲದಲ್ಲಿ ಅಧಿಕಮಾಸ ಅಂದರೆ ಇದೇ ಇರಬೇಕು.

ನಾನು ಸಾಫ್ಟ್‌ವೇರ್‌ನವನು, ಹಾಗಾಗಿ ಇದು ನನಗೆ ಅರ್ಥವಾಗುವುದು ನನ್ನ ಕೆಲಸದ ಭಾಷೆಯಲ್ಲಿ. ಯಾವುದೇ ಪರೀಕ್ಷೆ ಎರಡು ರೀತಿ ತಪ್ಪಬಹುದು. ಅರ್ಹನಲ್ಲದವನನ್ನು ಒಳಗೆ ಬಿಡುವುದು ಫಾಲ್ಸ್ ಪಾಸಿಟಿವ್. ಅರ್ಹನನ್ನು ಹೊರಗೆ ನಿಲ್ಲಿಸುವುದು ಫಾಲ್ಸ್ ನೆಗೆಟಿವ್. ಒಂದನ್ನು ತೀರಾ ಬಿಗಿ ಮಾಡಿದರೆ ಇನ್ನೊಂದು ಹೆಚ್ಚುತ್ತೆ, ಇದರಿಂದ ತಪ್ಪಿಸಿಕೊಳ್ಳೋಕೆ ಆಗಲ್ಲ. ಹಾಗಾಗಿ ಡಿಸೈನ್ ಮಾಡುವವನು ಮೊದಲು ಕೇಳಿಕೊಳ್ಳಬೇಕಾದ್ದು, ಯಾವ ತಪ್ಪು ಹೆಚ್ಚು ದುಬಾರಿ ಅಂತ. ಬಿಹಾರದಲ್ಲಿ ಟೆಂಪಲ್ ಮಾಡಿದ್ದು ಮೊದಲ ತಪ್ಪು: ಒಂದಷ್ಟು ಅಕ್ಕಿ ಬೇಕಿಲ್ಲದವರಿಗೂ ಹೋಗಿರಬಹುದು. ಅದರ ಬೆಲೆ ರೂಪಾಯಿ. ಮದ್ರಾಸಿನಲ್ಲಿ ಮಾಡಿದ್ದು ಎರಡನೆಯದು. ಅದರ ಬೆಲೆ ಜೀವ. ಹತ್ತು ಮೈಲಿ ನಡೆಯುವ ಶಕ್ತಿ ಇಲ್ಲದವನೇ ಎಲ್ಲರಿಗಿಂತ ಹೆಚ್ಚು ಹಸಿದವನು. ಆದರೆ ಆ ಪರೀಕ್ಷೆಯಲ್ಲಿ ಫೇಲ್ ಆಗುವವನೂ ಅವನೇ.

ಈ ದೃಷ್ಟಿಯಿಂದ ನೋಡಿದರೆ ಹೂಪರನ ಫೋಟೋ ಮತ್ತು ಟೆಂಪಲ್‌ನ ಶಿಬಿರ ಎರಡೂ ಒಂದೇ ಪ್ರಶ್ನೆ ಕೇಳುತ್ತಿವೆ ಅನ್ನಿಸುತ್ತೆ: "ನೀನು ನಿಜವಾಗಿಯೂ ಬಡವನಾ? ತೋರಿಸು." ಶಿಬಿರದಲ್ಲಿ ಕಾಲು ಸವೆಸಿ ತೋರಿಸಬೇಕು, ಫೋಟೋದಲ್ಲಿ ಎಲುಬು ತೋರಿಸಬೇಕು. ಎಲುಬು ಕಾಣುವ ಹೊತ್ತಿಗೆ ತುಂಬಾ ತಡವಾಗಿರುತ್ತೆ ಅನ್ನೋದು ಬೇರೆ ಮಾತು. 1877ರ ಆಗಸ್ಟ್‌ನಲ್ಲಿ ಮದ್ರಾಸ್ ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕ್ ಇಂಗ್ಲೆಂಡಿನ ಜನರ ನೆರವು ಕೇಳಿದ ಮೇಲೆ ಲಂಡನ್ನಿನಲ್ಲಿ ಮ್ಯಾನ್ಶನ್ ಹೌಸ್ ನಿಧಿ ಶುರುವಾಯಿತು. ದಾನ ಮಾಡಿದ ಸಾಮಾನ್ಯ ಜನರ ಮನಸ್ಸು ಖಂಡಿತ ಒಳ್ಳೆಯದೇ. ಬೀಜಕ್ಕೆ, ಎತ್ತಿಗೆ, ಬಟ್ಟೆಗೆ ಆ ಹಣ ಬಂತು. ಅಕ್ಟೋಬರ್‌ನ ಆ ಚಿತ್ರಗಳು ಅಚ್ಚಾದದ್ದು ಈ ದಾನ ಸಂಗ್ರಹದ ನಡುವೆಯೇ. ಆದರೆ ಬರ ಶುರುವಾಗಿ ಅಷ್ಟೊತ್ತಿಗೆ ಒಂದು ವರ್ಷವೇ ಆಗಿತ್ತು.

*

ಇಲ್ಲಿ ಒಂದು ಹೋಲಿಕೆ ಹೇಳಲೇಬೇಕು. ಬಡವರಿಗೆ ಅನ್ನ ಹಾಕುವ ವ್ಯವಸ್ಥೆ ಇಂಗ್ಲಿಷರು ಬರುವ ಮುಂಚೆ ನಮ್ಮಲ್ಲಿ ಇರಲಿಲ್ಲ ಅಂತೇನಿಲ್ಲ. ಛತ್ರಗಳಿದ್ದವು, ಅರವಟ್ಟಿಗೆಗಳಿದ್ದವು, ಮಠಗಳಲ್ಲಿ ದಾಸೋಹ ಇತ್ತು. ನಮ್ಮ ಸೀಮೆಯಲ್ಲಿ ಮಠವಿಲ್ಲದ ಊರೇ ಕಡಿಮೆ. ದಾಸೋಹದ ಪಂಕ್ತಿಯಲ್ಲಿ ಕೂತವನನ್ನು ಹಸಿದಿದ್ದೀಯಾ ಅಂತ ಕೇಳುವುದಿಲ್ಲ. ಕೂತ ಅಂದ ಮೇಲೆ ಹಸಿದಿದ್ದಾನೆ, ಅಷ್ಟೇ. ಇದನ್ನು ಹೇಳಿ ಹಿಂದೆಲ್ಲಾ ಸ್ವರ್ಗವಿತ್ತು ಅನ್ನೋಕೆ ಹೊರಟಿಲ್ಲ. ಛತ್ರಗಳ ಪಂಕ್ತಿಯಲ್ಲಿ ಜಾತಿಯ ಗೆರೆ ಇತ್ತು, ಊರ ಹೊರಗಿದ್ದವರಿಗೆ ಎಷ್ಟು ಅನ್ನ ಮುಟ್ಟುತ್ತಿತ್ತು ಅನ್ನೋದನ್ನ ಕೇಳಲೇಬೇಕು. ಮತ್ತೆ, ಎರಡು ವರ್ಷ ಸತತ ಬೆಳೆ ಹೋದಾಗ ಮಠದ ಕಣಜವೂ ಖಾಲಿಯಾಗುತ್ತೆ. 1791-92ರ ಬರದಲ್ಲಿ, ಇಂಗ್ಲಿಷರ ಶಿಬಿರ ಇಲ್ಲದ ಕಾಲದಲ್ಲಿ, ಸತ್ತವರ ತಲೆಬುರುಡೆಗಳಿಂದಲೇ ಆ ಬರಕ್ಕೆ 'ಡೋಗಿ ಬರ' ಅಂತ ಹೆಸರು ಬಿದ್ದಿತ್ತು.

ಧಾತು-ಈಶ್ವರದ ಬರದಿಂದ ಸರ್ಕಾರವೂ ಒಂದು ಪಾಠ ಕಲಿಯಿತು. ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯ ಕ್ಷಾಮ ಆಯೋಗ 1880ರಲ್ಲಿ ವರದಿ ಕೊಟ್ಟಿತು, ಅದರಿಂದ 1883ರ ಸುಮಾರಿಗೆ ಕ್ಷಾಮ ಸಂಹಿತೆಗಳು ಬಂದವು. ಬರ ಬಂದಾಗ ಕೆಲಸ ಕೊಡುವುದು, ಕೆಲಸ ಮಾಡಲಾಗದವರಿಗೆ ಅನ್ನ ಕೊಡುವುದು ಸರ್ಕಾರದ ಕರ್ತವ್ಯ ಅಂತ ಕಾಗದದ ಮೇಲೆ ಬಂದದ್ದು ಆಗ. ಬರಗಾಲದ ಕಾಮಗಾರಿ, ಗಂಜಿ ಕೇಂದ್ರ, 2005ರ ಉದ್ಯೋಗ ಖಾತ್ರಿ ಕಾಯ್ದೆ... ಎಲ್ಲದರ ಹಿಂದೆ ಆ ಸತ್ತವರ ಋಣ ಇದೆ.

ಆದರೆ 'ಅರ್ಹರು' ಅನ್ನೋ ಪದ ಮಾತ್ರ ನಮ್ಮನ್ನು ಬಿಟ್ಟು ಹೋಗಲೇ ಇಲ್ಲ. ರೇಷನ್ ಅಂಗಡಿಯ ಸಾಲಿನಲ್ಲಿ, ಪಿಂಚಣಿ ಅರ್ಜಿಯಲ್ಲಿ, ಬಿಪಿಎಲ್ ಕಾರ್ಡಿನ ಪರಿಶೀಲನೆಯಲ್ಲಿ ಇವತ್ತಿಗೂ ಅದೇ ಪದ. ಕಾರ್ಡು ಇರುವ ಉಳ್ಳವರ ಬಗ್ಗೆ ನಾವು ಆಫೀಸಿನ ಕ್ಯಾಂಟೀನಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತೇವೆ. ಬೆರಳಚ್ಚು ಹೊಂದಲಿಲ್ಲ ಅಂತ ಖಾಲಿ ಚೀಲ ಹಿಡಿದು ವಾಪಸ್ ಹೋದ ಮುದುಕಿಯ ಬಗ್ಗೆ ಎಷ್ಟು ನಿಮಿಷ ಮಾತಾಡುತ್ತೇವೆ? ಬೆರಳು ಸವೆದಿರುವುದೇ ದುಡಿದು ದುಡಿದು. ಟೆಂಪಲ್‌ನ ಹತ್ತು ಮೈಲಿ ಈಗ ಒಂದು ಅಂಗುಲದ ಗಾಜಿನ ಚೌಕ ಆಗಿದೆ ಅಂತ ನನಗೆ ಕೆಲವೊಮ್ಮೆ ಅನ್ನಿಸುತ್ತೆ. ಅಂಥ ಚೌಕಗಳ ಹಿಂದಿನ ಕೋಡ್ ಬರೆಯೋರು ನನ್ನಂಥವರೇ ಅನ್ನೋದೂ ನೆನಪಾಗುತ್ತೆ.

ಇದಕ್ಕೆ ಬೇರೆ ದಾರಿಯೂ ಇದೆ, ಅದೂ ನಮ್ಮಲ್ಲೇ. 2002ರಲ್ಲಿ ಕರ್ನಾಟಕ ಸರ್ಕಾರ ಶಾಲಾ ಮಕ್ಕಳಿಗೆ ಬಿಸಿಯೂಟ ಶುರು ಮಾಡಿದಾಗ ಮೊದಲು ಆರಿಸಿಕೊಂಡ ಏಳು ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. (ಹರಪನಹಳ್ಳಿ ಆಗ ದಾವಣಗೆರೆಯಲ್ಲಿತ್ತು, ಜಿಲ್ಲೆ ಬದಲಾಯಿಸಿದ್ದರ ಫಲ!) ಯೋಜನೆಗೆ ಇಟ್ಟ ಹೆಸರು ಅಕ್ಷರ ದಾಸೋಹ. ಶಾಲೆಯಲ್ಲಿ ತಟ್ಟೆ ಹಿಡಿದು ಕೂತ ಮಗುವಿನ ಹತ್ತಿರ ಯಾರೂ ಆದಾಯ ಪ್ರಮಾಣಪತ್ರ ಕೇಳಲ್ಲ, ಎಲುಬು ಎಣಿಸಲ್ಲ. ಕೂತ ಅಂದ ಮೇಲೆ ಹಸಿದಿದ್ದಾನೆ. ಒಂದಿಬ್ಬರು ಅನುಕೂಲಸ್ಥರ ಮಕ್ಕಳು ಉಂಡರೆ ಉಣ್ಣಲಿ, ಆ ತಪ್ಪಿನ ಬೆಲೆ ಒಂದು ಸೌಟು ಸಾರು ಅಷ್ಟೇ.

ಆ ಗ್ರಾಫಿಕ್ ಪತ್ರಿಕೆಯ ಚಿತ್ರದಲ್ಲಿರೋರ ಹೆಸರು ಇನ್ನು ಯಾರಿಗೂ ಸಿಗಲಿಕ್ಕಿಲ್ಲ. ಆದರೆ ನಿಮ್ಮ ಮನೆಗಳಲ್ಲಿ ಹಿರಿಯರು ಬರದ ಬಗ್ಗೆ ಹೇಳಿದ ಮಾತು, ತಿಂದ ಸೊಪ್ಪು ಗೆಡ್ಡೆಗಳ ಹೆಸರು, ಯಾವ ಊರಿಗೆ ಗುಳೆ ಹೋಗಿದ್ದರು ಅನ್ನೋ ನೆನಪು ಏನಾದರೂ ಇದ್ದರೆ ಬರೆದಿಡಿ ಗೆಳೆಯರೇ. ಬಳ್ಳಾರಿ, ರಾಯಚೂರು, ಚಿತ್ರದುರ್ಗದ ಕಡೆಯವರು ಮುಖ್ಯವಾಗಿ. ಲಂಡನ್ನಿನವರು ಚಿತ್ರ ಬರೆದಿಟ್ಟರು, ಹೆಸರು ಬರೆಯುವ ಕೆಲಸ ನಮ್ಮದು.